ಅಮ್ಮನ ವಿಜಯಾ ಎಣ್ಣೆಗೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 64 ವರ್ಷ. ಸ್ತನ ಕ್ಯಾನ್ಸರ್‌ಗೆ ಕೀಮೋ ಮುಗಿದು ಎಂಟು ತಿಂಗಳಾಯಿತು. ಆದರೂ ಕೈಕಾಲಿನ ಉರಿ, ಜೋಮು ಬಿಟ್ಟಿಲ್ಲ. ಆಯುರ್ವೇದ ವೈದ್ಯರು ವಿಜಯಾ ಎಣ್ಣೆ ಬರೆದುಕೊಟ್ಟ ಮೇಲೆ ರಾತ್ರಿ ಒಂದಿಷ್ಟು ನಿದ್ದೆ ಬರುತ್ತಿದೆ. ತಿಂಗಳಿಗೆ ನಾಲ್ಕು ಸಾವಿರ ಖರ್ಚು. ಬಿಲ್ಲು ಕಳಿಸಿದರೆ ವಿಮೆಯವರು ಆಗಲ್ಲ ಎಂದರು. ‘ಅದು ಗಾಂಜಾ ಕಣಮ್ಮ, ಪೊಲೀಸು ಗೀಲೀಸು ಅಂತಾದೀತು’ ಎಂದು ಚಿಕ್ಕಪ್ಪ ಹೆದರಿಸುತ್ತಾರೆ. ಏಜೆಂಟರು ‘ಎರಡು ದಿನ ಅಡ್ಮಿಟ್ ಮಾಡಿಬಿಡಿ, ಪಾಸಾಗುತ್ತೆ’ ಅಂತಾರೆ. ಕ್ಯಾನ್ಸರ್ ಡಾಕ್ಟರಿಗೆ ಇನ್ನೂ ಹೇಳಿಲ್ಲ, ಬೈತಾರೇನೋ ಅಂತ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಚಿಕ್ಕಪ್ಪನವರ ಭಯ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಿಡದ ಹೂವು-ಕಾಯಿಯ ತುದಿ ಗಾಂಜಾ, ಅದರ ಅಂಟು ಚರಸ್. ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗಿಲ್ಲ. ನಾವು ಭಂಗಿಸೊಪ್ಪು ಎನ್ನುವ ಆ ಎಲೆಯೇ ಆಯುರ್ವೇದದ ವಿಜಯಾ. ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕಾದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ ಅದಿದೆ. ಎಲೆಯಿಂದ ಮಾಡಿದ್ದು ಎಂಬ ವಿವರ, ತಯಾರಕರ ಪರವಾನಗಿ ಸಂಖ್ಯೆ ಬಾಟಲಿಯ ಮೇಲಿದೆಯೇ ನೋಡಿ, ಚೀಟಿ ಜೋಪಾನ ಮಾಡಿ. ಚೀಟಿ ಕೇಳದೆ ಮಾರುವವರ ಗೊಡವೆ ಬೇಡ.

ಇನ್ನು ವಿಮೆ. ನಿಮ್ಮ ಬಿಲ್ಲು ವಾಪಸಾಗಿದ್ದು ಬಹುಶಃ ಗಾಂಜಾದ ಕಾರಣಕ್ಕಲ್ಲ. ಆಯುಷ್ ಚಿಕಿತ್ಸೆಯನ್ನು ಅಲೋಪಥಿಗೆ ಸಮನಾಗಿ ಕಾಣಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದ್ದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಬಹುತೇಕ ಪಾಲಿಸಿಗಳು ಹಣ ಕೊಡುವುದೇ ಆಸ್ಪತ್ರೆಗೆ ಸೇರಿದರೆ. ಮನೆಯಲ್ಲಿ ನುಂಗುವ ಬಿಪಿ ಮಾತ್ರೆಗೂ ವಿಜಯಾ ಎಣ್ಣೆಗೂ ಅವರ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಎರಡೂ ಓಪಿಡಿ ಖರ್ಚು. ಆಸ್ಪತ್ರೆಯಿಂದ ಬಂದ ಮೇಲಿನ ಔಷಧಕ್ಕೂ ಸಾಮಾನ್ಯವಾಗಿ 60 ದಿನದ ಅವಕಾಶವಿರುತ್ತದೆ. ಎಂಟು ತಿಂಗಳಾದ್ದರಿಂದ ನಿಮಗೆ ಅದು ದಾಟಿಹೋಗಿದೆ. ಪಾಲಿಸಿಯಲ್ಲಿ ಆಯುಷ್ ಸೇರಿದ ಓಪಿಡಿ ಸೌಲಭ್ಯವಿದೆಯೇ ನೋಡಿ. ಇಲ್ಲದಿದ್ದರೆ ಈ ಖರ್ಚು ಕೈಯಿಂದಲೇ.

ಆದರೂ ತಿರಸ್ಕಾರಕ್ಕೆ ಯಾವ ಷರತ್ತು ಕಾರಣವೆಂದು ಬರಹದಲ್ಲಿ ಕೇಳಿ. ‘ಮಾದಕ ವ್ಯಸನದ ಚಿಕಿತ್ಸೆ’ ಎಂದು ಬರೆದಿದ್ದರೆ ಬಿಡಬೇಡಿ. ಆ ಷರತ್ತು ಇರುವುದು ಚಟಕ್ಕೆ. ವೈದ್ಯರು ನೋವಿಗೆ ಬರೆದ ಔಷಧಕ್ಕಲ್ಲ. ಕಂಪನಿಗೇ ಮೊದಲು ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಏಜೆಂಟರ ಉಪಾಯ ಮಾತ್ರ ಬೇಡವೇ ಬೇಡ. ಐದು ವರ್ಷ ತಪ್ಪದೆ ಕಂತು ಕಟ್ಟಿದ ಪಾಲಿಸಿಯನ್ನು, ಹಿಂದೆ ಏನೋ ಮುಚ್ಚಿಟ್ಟಿರಿ ಎಂದು ಕಂಪನಿ ಕೆದಕುವಂತಿಲ್ಲ. ಅದಕ್ಕೆ ಇರುವ ಮುಖ್ಯ ಅಪವಾದ, ಸಾಬೀತಾದ ವಂಚನೆ. ಬೇಕಿಲ್ಲದ ಅಡ್ಮಿಷನ್ ತೋರಿಸಿದರೆ ಆ ಬಾಗಿಲನ್ನು ನೀವೇ ತೆರೆದುಕೊಟ್ಟಂತೆ. ಕ್ಯಾನ್ಸರ್ ಬಂದುಹೋದ 64ರ ಹೆಂಗಸಿಗೆ ಹೊಸ ಪಾಲಿಸಿ ಸಿಗುವುದು ಬಲು ಕಷ್ಟ. ನಾಲ್ಕು ಸಾವಿರದ ಎಣ್ಣೆಗಾಗಿ ನಾಳಿನ ಆಪರೇಷನ್ನಿನ ಹಣ ಕಳೆದುಕೊಳ್ಳಬೇಡಿ.

ನನಗೆ ಹೆಚ್ಚು ಚಿಂತೆಯಾಗಿದ್ದು ನಿಮ್ಮ ಪತ್ರದ ಕೊನೆಯ ಮಾತು. ವಿಜಯಾದ ಅಂಶಗಳು ಕರಗುವುದು ಲಿವರ್‌ನಲ್ಲಿ. ರಕ್ತ ತೆಳುವಾಗಿಸುವ ಮಾತ್ರೆಯಂಥವುಗಳ ಪ್ರಭಾವವನ್ನು ಅವು ಏರುಪೇರು ಮಾಡಬಲ್ಲವು. ನಿದ್ದೆ ಮಾತ್ರೆಯ ಜೊತೆ ಸೇರಿದರೆ ಮಂಪರು ಹೆಚ್ಚಿ ವಯಸ್ಸಾದವರು ಬಿದ್ದಾರು. ಕೀಮೋದಿಂದಾದ ನರದ ಉರಿಗೆ ಅಲೋಪಥಿಯಲ್ಲೂ ಮಾತ್ರೆಗಳಿವೆ. ಹೇಳಿಕೊಂಡರೆ ಖರ್ಚೂ ತಗ್ಗೀತು. ಮುಂದಿನ ತಪಾಸಣೆಗೆ ಹೋಗುವಾಗ ಬಾಟಲಿ, ಚೀಟಿ ಎರಡನ್ನೂ ಒಯ್ದು ಡಾಕ್ಟರ ಮೇಜಿನ ಮೇಲಿಡಿ. ಬೈದರೆ ಬೈಸಿಕೊಳ್ಳಿ. ಅಮ್ಮನ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದು ಅವರಿಗೆ ಗೊತ್ತಿರಲೇಬೇಕು.