ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಬಿಡುವಿನ ಅವಧಿ

ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ 'ಗ್ರಂಥಾಲಯ' ಎಂಬ ಶಬ್ದ ವಾರಕ್ಕೊಮ್ಮೆ ಕಾಣಿಸಿಕೊಳ್ಳುವುದುಂಟು. ಆದರೆ ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಬರುವುದು ಆ ಒಂದು ಅವಧಿಯಲ್ಲಿ ಮಾತ್ರವಲ್ಲ. ಅಧ್ಯಾಪಕರೊಬ್ಬರು ರಜೆಯ ಮೇಲಿದ್ದಾಗ ಇಡೀ ತರಗತಿಯೇ ಅಲ್ಲಿಗೆ ಬರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಕೆಲವರು ವೃತ್ತಪತ್ರಿಕೆ ನೋಡಲು ಬರುತ್ತಾರೆ. ಪ್ರಬಂಧ ಸ್ಪರ್ಧೆಗೆ ಸಿದ್ಧನಾಗುತ್ತಿರುವ ಬಾಲಕನೊಬ್ಬ ಒಂಟಿಯಾಗಿ ಬಂದು ವಿಶ್ವಕೋಶದ ಸಂಪುಟವನ್ನು ಕೇಳುತ್ತಾನೆ. ಹೀಗೆ ಬೇರೆ ಬೇರೆ ಉದ್ದೇಶಗಳಿಂದ ಬರುವವರೆಲ್ಲರನ್ನೂ ಒಂದೇ ಕೊಠಡಿಯಲ್ಲಿ, ಯಾವ ಕ್ರಮವೂ ಇಲ್ಲದೆ ಕೂಡಿಸಿದರೆ ಅಲ್ಲಿ ಉಳಿಯುವುದು ಗದ್ದಲವೊಂದೇ.

ಆ ಗದ್ದಲದಿಂದ ಎಲ್ಲರಿಗೂ ಸಮನಾದ ನಷ್ಟವಾಗುವುದಿಲ್ಲ. ಮನೆಯಲ್ಲಿ ಪುಸ್ತಕಗಳಿರುವ ವಿದ್ಯಾರ್ಥಿ ಸಂಜೆ ತನ್ನ ಓದನ್ನು ಮುಂದುವರಿಸಬಲ್ಲನು. ಆದರೆ ಪಠ್ಯಪುಸ್ತಕದ ಹೊರತು ಬೇರೊಂದು ಪುಸ್ತಕವಿಲ್ಲದ ಮನೆಯಿಂದ ಬರುವ ಮಕ್ಕಳ ಸ್ಥಿತಿ ಬೇರೆ. ಶಾಲೆ ಬಿಟ್ಟೊಡನೆ ಹೊಲದ ಕೆಲಸಕ್ಕೋ ತಮ್ಮತಂಗಿಯರ ಪಾಲನೆಗೋ ತೊಡಗಬೇಕಾದ ಬಾಲಕ ಬಾಲಕಿಯರಿಗೆ ಗ್ರಂಥಾಲಯದ ಆ ನಲವತ್ತು ನಿಮಿಷಗಳೇ ದಿನದ ಏಕೈಕ ಸ್ವತಂತ್ರ ವಾಚನದ ವೇಳೆ. ಅದು ವ್ಯರ್ಥವಾದರೆ ಅವರಿಗೆ ಬೇರೆ ದಾರಿಯಿಲ್ಲ. ಆದಕಾರಣ ಗ್ರಂಥಾಲಯದ ಶಿಸ್ತು ಈ ಓದುಗರ ಹಕ್ಕನ್ನು ಕಾಪಾಡುವ ಕಾರ್ಯವೆಂದು ತಿಳಿಯತಕ್ಕದ್ದು.

ಗದ್ದಲಕ್ಕೆ ಅಂಜಿ ಕೆಲವೆಡೆ ಅನುಸರಿಸುವ ಪರಿಹಾರವೆಂದರೆ ಬೀರುಗಳಿಗೆ ಬೀಗ ಹಾಕುವುದು. ಇದರ ಹಿಂದೆ ಲೆಕ್ಕಪತ್ರದ ಭಯವೂ ಉಂಟು. ಕಳೆದುಹೋದ ಪುಸ್ತಕದ ಬೆಲೆಯನ್ನು ತಾನೇ ತೆರಬೇಕಾದೀತೆಂಬ ಆತಂಕವಿರುವ ಗ್ರಂಥಪಾಲಕ ಬೀಗದ ಕೈಯನ್ನು ಸಡಿಲಿಸುವುದಾದರೂ ಹೇಗೆ? ಈ ವಿಷಯದಲ್ಲಿ ಕೇಂದ್ರ ಸರ್ಕಾರದ ೨೦೧೭ರ ಸಾಮಾನ್ಯ ಹಣಕಾಸು ನಿಯಮಗಳು ಒಂದು ಹಿತವಾದ ಮಾದರಿಯನ್ನು ಒದಗಿಸುತ್ತವೆ. ಓದಲು ಕೊಟ್ಟ ಪ್ರತಿ ಸಾವಿರ ಸಂಪುಟಗಳಿಗೆ ವರ್ಷಕ್ಕೆ ೫ ಸಂಪುಟಗಳ ನಷ್ಟವನ್ನು, ಅದಕ್ಕೆ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಕಾರಣವಲ್ಲದಿದ್ದರೆ, ಸಹಜವೆಂದು ಭಾವಿಸಬಹುದೆಂದು ಅವು ಹೇಳುತ್ತವೆ. ೨೦,೦೦೦ಕ್ಕೆ ಮೀರದ ಸಂಪುಟಗಳುಳ್ಳ ಗ್ರಂಥಾಲಯದಲ್ಲಿ ಪ್ರತಿವರ್ಷವೂ ಪೂರ್ಣ ಪರಿಶೀಲನೆ ನಡೆಯಬೇಕೆಂದೂ ವಿಧಿಸುತ್ತವೆ. ಈ ನಿಯಮಗಳು ಕೇಂದ್ರ ಸರ್ಕಾರದ ಕಚೇರಿಗಳಿಗಾಗಿ ರಚಿತವಾದವು. ಆದರೂ ಶಾಲೆಯ ಆಡಳಿತ ಮಂಡಳಿಯು ಇದೇ ತತ್ತ್ವವನ್ನು ಬರಹದ ಮೂಲಕ ಅಂಗೀಕರಿಸಿದರೆ ಗ್ರಂಥಪಾಲಕರ ಭಯ ನೀಗಿ, ಬೀರುಗಳು ತೆರೆದುಕೊಳ್ಳುತ್ತವೆ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು, ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ೧೯೩೧ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಐದು ಸೂತ್ರಗಳನ್ನು ನಿರೂಪಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ಅದೇ ನಗರದಲ್ಲಿ ಕೊನೆಯುಸಿರೆಳೆದರು. ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದು ಅವರ ಮೊದಲ ಸೂತ್ರದ ಸಾರ. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದರ ಸಾರ. ಮೊದಲನೆಯದು ಬೀಗವನ್ನು ತೆಗೆಸುತ್ತದೆ. ನಾಲ್ಕನೆಯದು ಗದ್ದಲವನ್ನು ತಡೆಯುತ್ತದೆ. ನಲವತ್ತು ನಿಮಿಷಗಳ ಅವಧಿಯಲ್ಲಿ ಸ್ಥಳ ಹುಡುಕಲು, ಪುಸ್ತಕ ಆರಿಸಲು ಹತ್ತು ನಿಮಿಷ ಕಳೆದರೆ ಓದಿನ ಕಾಲುಭಾಗವೇ ಹೋದಂತಾಯಿತು.

ಈ ತತ್ತ್ವಗಳನ್ನು ಆಚರಣೆಗೆ ತರಲು ಹೆಚ್ಚಿನ ಹಣ ಬೇಕಿಲ್ಲ. ಮೊದಲನೆಯದಾಗಿ, ಆಸನಗಳ ಸಂಖ್ಯೆಯನ್ನು ಎಣಿಸಿ ಮಿತಿಯನ್ನು ನಿಗದಿಪಡಿಸಬೇಕು. ಉದಾಹರಣೆಗೆ, ನಲವತ್ತು ಆಸನಗಳ ಕೊಠಡಿಯಲ್ಲಿ ಎಂಟನ್ನು ಒಂಟಿಯಾಗಿ ಬರುವ ಓದುಗರಿಗೆ ಮೀಸಲಿಟ್ಟರೆ ಉಳಿಯುವುದು ಮೂವತ್ತೆರಡು. ಅರವತ್ತು ವಿದ್ಯಾರ್ಥಿಗಳ ತರಗತಿಗೆ ಬಿಡುವು ದೊರೆತಾಗ ಅರ್ಧದಷ್ಟು ಮಂದಿ ಗ್ರಂಥಾಲಯಕ್ಕೆ ಬರಬೇಕು. ಉಳಿದರ್ಧ ಇನ್ನೊಬ್ಬ ಅಧ್ಯಾಪಕರ ನೋಟದಲ್ಲಿ ತರಗತಿಯಲ್ಲೇ ಅಭ್ಯಾಸ ಮಾಡಬೇಕು. ಮುಂದಿನ ಸಲ ಸರದಿ ಬದಲಾಗಬೇಕು.

ಎರಡನೆಯದಾಗಿ, ಒಂಟಿಯಾಗಿ ಬರುವ ವಿದ್ಯಾರ್ಥಿಯ ಕೈಯಲ್ಲಿ ಅಧ್ಯಾಪಕರ ಸಹಿಯುಳ್ಳ ಚೀಟಿಯಿರಬೇಕು. ಹೆಸರು, ತರಗತಿ, ಹೊರಟ ವೇಳೆ, ಹುಡುಕಬೇಕಾದ ವಿಷಯ ಇಷ್ಟು ಅದರಲ್ಲಿದ್ದರೆ ಸಾಕು. ಹಿಂದಿರುಗುವಾಗ ಗ್ರಂಥಪಾಲಕರು ವೇಳೆಯನ್ನು ಬರೆದು ಸಹಿ ಮಾಡತಕ್ಕದ್ದು. ಇದರಿಂದ ಮಗು ಎಲ್ಲಿದೆಯೆಂಬುದು ಶಾಲೆಗೆ ತಿಳಿದಿರುತ್ತದೆ. ಮಗುವಿಗೆ ಏನು ಬೇಕೆಂಬುದು ಗ್ರಂಥಪಾಲಕರಿಗೆ ತಿಳಿಯುತ್ತದೆ.

ಮೂರನೆಯದಾಗಿ, ತರಗತಿಯೊಡನೆ ಅಧ್ಯಾಪಕರೊಬ್ಬರು ಬರಲೇಬೇಕು. ಪುಸ್ತಕ ಕೊಡುವ, ಪಡೆಯುವ, ದಾಖಲೆ ಬರೆಯುವ ಕೆಲಸದ ನಡುವೆ ಮೂವತ್ತು ಮಕ್ಕಳ ಮೇಲ್ವಿಚಾರಣೆಯನ್ನೂ ಗ್ರಂಥಪಾಲಕರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಬಂದ ಅಧ್ಯಾಪಕರು ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂಡದೆ ತಾವೂ ಒಂದು ಪುಸ್ತಕವನ್ನು ತೆರೆದರೆ ಆ ದೃಶ್ಯವೇ ಮಕ್ಕಳಿಗೆ ಪಾಠವಾಗುತ್ತದೆ. ಕೊನೆಯ ಐದು ನಿಮಿಷಗಳಲ್ಲಿ ಪುಸ್ತಕಗಳನ್ನು ಮೇಜಿನ ಮೇಲೆ ಒಟ್ಟುಗೂಡಿಸಬೇಕು. ಕಪಾಟಿಗೆ ಮಕ್ಕಳೇ ತುರುಕಿದರೆ ಪುಸ್ತಕ ಸ್ಥಳ ತಪ್ಪುತ್ತದೆ. ಸ್ಥಳ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ತರಗತಿಯಲ್ಲಿ ತಪ್ಪು ಮಾಡಿದವನನ್ನು ಶಿಕ್ಷೆಯೆಂದು ಗ್ರಂಥಾಲಯಕ್ಕೆ ಅಟ್ಟುವುದಾಗಲಿ, ಗ್ರಂಥಾಲಯದಲ್ಲಿ ಮಾತನಾಡಿದವನಿಗೆ ತಿಂಗಳುಗಟ್ಟಲೆ ಪ್ರವೇಶ ನಿಷೇಧಿಸುವುದಾಗಲಿ ಸಲ್ಲದು. ಮೊದಲನೆಯದರಿಂದ ಪುಸ್ತಕ ದಂಡನೆಯ ಸಾಧನವಾಗುತ್ತದೆ. ಎರಡನೆಯದರಿಂದ ಪುಸ್ತಕದ ಅಗತ್ಯ ಹೆಚ್ಚಾಗಿರುವವನೇ ಅದರಿಂದ ದೂರನಾಗುತ್ತಾನೆ. ಮಾತಾಡುವವನ ಸ್ಥಳವನ್ನು ಬದಲಿಸಿ, ಅವನ ಅಭಿರುಚಿಗೆ ಒಪ್ಪುವ ಪುಸ್ತಕವೊಂದನ್ನು ಕೈಗಿಡುವುದು ಮೇಲಾದ ಕ್ರಮ. ಕ್ರೀಡೆ, ಯಂತ್ರ, ಪ್ರಾಣಿಪಕ್ಷಿ, ಸಾಹಸಯಾತ್ರೆಗಳ ಪುಸ್ತಕಗಳು ಅನೇಕ ಚಂಚಲ ಮನಸ್ಸುಗಳನ್ನು ನಿಲ್ಲಿಸಬಲ್ಲವು.

ವರ್ಷಾಂತ್ಯದಲ್ಲಿ ಶಾಲೆಯ ವರದಿಯಲ್ಲಿ ಗ್ರಂಥಾಲಯದ ಪುಸ್ತಕಗಳ ಒಟ್ಟು ಸಂಖ್ಯೆ ಅಚ್ಚಾಗುವುದು ವಾಡಿಕೆ. ಅದರೊಡನೆ ಚೀಟಿಗಳ ಲೆಕ್ಕವೂ ಅಚ್ಚಾಗಲಿ: ಎಷ್ಟು ವಿದ್ಯಾರ್ಥಿಗಳು ತಾವಾಗಿಯೇ ಬಂದರು, ಯಾವ ವಿಷಯಗಳನ್ನು ಅರಸಿದರು, ಎಷ್ಟು ಮಂದಿ ಬಯಸಿದ ಪುಸ್ತಕವಿಲ್ಲದೆ ಹಿಂದಿರುಗಿದರು. ಮರುವರ್ಷದ ಖರೀದಿಗೆ ಆ ಕೊನೆಯ ಸಂಖ್ಯೆಗಿಂತ ಉತ್ತಮ ಮಾರ್ಗದರ್ಶಿ ಮತ್ತೊಂದಿಲ್ಲ.