ತಿರುಗುವ ಕಾದ ದ್ರವಕ್ಕೆ ಅಯಸ್ಕಾಂತದ ಕಡಿವಾಣ

ಕಳೆದ ವರ್ಷ ನನ್ನ ಕಕ್ಷಿದಾರರಾದ ಫೌಂಡ್ರಿ ಮಾಲೀಕರೊಬ್ಬರು ಒಂದು ದರಪಟ್ಟಿಯನ್ನು ಮೇಜಿನ ಮೇಲಿಟ್ಟು, "ಸಾಹೇಬರೇ, ಇದನ್ನು ಯಂತ್ರೋಪಕರಣದ ಖಾತೆಗೆ ಹಾಕಿ ಸವಕಳಿ ಪಡೆಯಬಹುದೇ?" ಎಂದು ಕೇಳಿದರು. ಕುಲುಮೆಗೆ ಎಣ್ಣೆ ಹರಿಯುವ ಕೊಳವೆಯ ಮೇಲೆ ಬಿಗಿಯುವ ಒಂದು ಜೊತೆ ಅಯಸ್ಕಾಂತಗಳು ಅವು. ಇಂಧನ ಉಳಿಯುವುದೆಂಬ ಭರವಸೆ. ಚಿಪ್ ಉದ್ಯಮದಲ್ಲಿಯೂ ದ್ರವವನ್ನು ಹತೋಟಿಯಲ್ಲಿಡಲು ಅಯಸ್ಕಾಂತವನ್ನೇ ಬಳಸುತ್ತಾರೆಂದು ಪ್ರಚಾರಪತ್ರದಲ್ಲಿ ಅಚ್ಚಾಗಿತ್ತು. ಆ ಮಾತು ಸುಳ್ಳಲ್ಲ. ಆದರೆ ಅಲ್ಲಿ ನಡೆಯುವುದೇನು ಎಂಬುದನ್ನು ಅರಿಯದೆ ಖಾತೆಯ ಪ್ರಶ್ನೆಗೆ ಉತ್ತರಿಸುವುದು ನನಗೆ ಸಮಂಜಸವೆನಿಸಲಿಲ್ಲ.

ಚಿಪ್ಪಿಗೆ ಆಧಾರವಾದ ಸಿಲಿಕಾನ್ ಬಿಲ್ಲೆಗಳನ್ನು ಒಂದೇ ಅಖಂಡ ಸ್ಫಟಿಕದ ದಿಂಡಿನಿಂದ ಕೊಯ್ಯಲಾಗುತ್ತದೆ. ಈ ದಿಂಡನ್ನು ಬೆಳೆಸುವ ವಿಧಾನಕ್ಕೆ ಪೋಲೆಂಡ್ ಮೂಲದ ಯಾನ್ ಚೊಕ್ರಾಲ್ಸ್ಕಿಯವರ ಹೆಸರಿದೆ. 1916ರಲ್ಲಿ ಬರ್ಲಿನ್ನಿನಲ್ಲಿ ಅವರು ಮಸಿಕುಡಿಕೆಯೆಂದು ಭ್ರಮಿಸಿ ಕರಗಿದ ತವರದಲ್ಲಿ ಲೇಖನಿಯನ್ನದ್ದಿ ಎತ್ತಿದಾಗ ಲೋಹದ ಎಳೆಯೊಂದು ಹೆಪ್ಪುಗಟ್ಟಿ ಬಂದಿತೆಂದು ಹೇಳುತ್ತಾರೆ. ಇಂದು ಸ್ಫಟಿಕಶಿಲೆಯ ಮೂಸೆಯಲ್ಲಿ ಸಿಲಿಕಾನನ್ನು ಸುಮಾರು 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಬೀಜಸ್ಫಟಿಕವನ್ನು ಮುಟ್ಟಿಸಿ ನಿಧಾನವಾಗಿ ಮೇಲೆತ್ತಲಾಗುತ್ತದೆ. ಸಾಮಾನ್ಯವಾಗಿ ಮೂಸೆ ಒಂದು ದಿಕ್ಕಿಗೆ, ಸ್ಫಟಿಕ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತಿರುತ್ತವೆ.

ತೊಡಕು ಇರುವುದು ಈ ಮೂಸೆಯೊಳಗೇ. ಗೋಡೆಯ ಬಳಿ ಹೆಚ್ಚು ಕಾದ ದ್ರವ ಮೇಲೇರುತ್ತದೆ, ನಡುವೆ ತಂಪಾದುದು ಇಳಿಯುತ್ತದೆ. ಇದರೊಡನೆ ಎರಡು ವಿರುದ್ಧ ತಿರುಗಾಟಗಳು ಸೇರುತ್ತವೆ. ಮೂಸೆ ದೊಡ್ಡದಾದಂತೆ ಹರಿವು ಕಲಕಿ, ಸ್ಫಟಿಕದ ಅಂಚಿನಲ್ಲಿ ಉಷ್ಣತೆ ಏರಿಳಿಯುತ್ತದೆ. ಬೆಳೆದ ಪದರ ಮತ್ತೆ ಕರಗುವುದುಂಟು. ಬೆರೆಸಿದ ಅಂಶಗಳು ಸಮನಾಗಿ ಹರಡದೆ ಪಟ್ಟೆ ಪಟ್ಟೆಯಾಗಿ ನಿಲ್ಲುತ್ತವೆ. ಜೊತೆಗೆ ಮೂಸೆಯ ಗೋಡೆಯಿಂದ ಕರಗಿ ಬರುವ ಆಮ್ಲಜನಕವೂ ಸ್ಫಟಿಕವನ್ನು ಸೇರುತ್ತದೆ.

ಅಯಸ್ಕಾಂತದ ಪಾತ್ರವನ್ನು ತಿಳಿಯಲು ನಮ್ಮ ಅಂಗಡಿಗಳ ಹಳೆಯ ವಿದ್ಯುತ್ ಮೀಟರನ್ನು ನೆನೆದರೆ ಸಾಕು. ಅದರಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಲೋಹವಲ್ಲ. ಆದರೂ ಒಂದು ಸ್ಥಿರ ಅಯಸ್ಕಾಂತ ಅದಕ್ಕೆ ಮುಟ್ಟದೆಯೇ ಬ್ರೇಕು ಹಾಕುತ್ತಿತ್ತು. ಕಾಂತಕ್ಷೇತ್ರದಲ್ಲಿ ವಿದ್ಯುದ್ವಾಹಕವು ಚಲಿಸಿದಾಗ ಅದರೊಳಗೆ ಸುಳಿ ವಿದ್ಯುತ್ತು ಹುಟ್ಟಿ, ಆ ಚಲನೆಯನ್ನೇ ತಡೆಯುತ್ತದೆ. ಕರಗಿದ ಸಿಲಿಕಾನ್ ಲೋಹದಂತೆ ವಿದ್ಯುತ್ತನ್ನು ಹರಿಯಗೊಡುವುದರಿಂದ ಮೂಸೆಯ ಸುತ್ತ ಬಲವಾದ ಸ್ಥಿರ ಕಾಂತಕ್ಷೇತ್ರವನ್ನಿರಿಸಿದರೆ ದ್ರವವು ಗಟ್ಟಿ ಪಾಕದಂತೆ ಶಾಂತವಾಗುತ್ತದೆ. 1966ರಲ್ಲಿ ಅಮೆರಿಕದ ಯೂಟೆಕ್ ಮತ್ತು ಫ್ಲೆಮಿಂಗ್ಸ್ ಇಂಡಿಯಂ ಆಂಟಿಮೊನೈಡ್ ಸ್ಫಟಿಕದ ಪಟ್ಟೆಗಳನ್ನು ಹೀಗೆ ನಿವಾರಿಸಿದರು. 1980ರ ಸುಮಾರಿಗೆ ಜಪಾನಿನ ಸೋನಿ ಕಂಪನಿಯವರು ಸಿಲಿಕಾನಿಗೆ ಇದನ್ನು ಅಳವಡಿಸಿದರು.

ಹಾಗೆಂದು ಕ್ಷೇತ್ರ ಬಲವಾದಷ್ಟೂ ಲಾಭವೆಂದಲ್ಲ. ನಮ್ಮ ದೇಶದಲ್ಲಿ ಓದಿ ಬೆಳೆದು ಶಿಕಾಗೋದಲ್ಲಿ ನೆಲೆಸಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು 1950ರ ದಶಕದಲ್ಲಿಯೇ ಕೆಳಗಿನಿಂದ ಕಾಯಿಸಿದ ದ್ರವದ ಪದರವನ್ನು ಗಣಿತದಿಂದ ಪರಿಶೀಲಿಸಿದ್ದರು. ತಿರುಗಾಟವೊಂದೇ ಇದ್ದರೂ, ಕಾಂತಕ್ಷೇತ್ರವೊಂದೇ ಇದ್ದರೂ ಕಲಕುವಿಕೆ ತಡವಾಗುತ್ತದೆ. ಎರಡೂ ಸೇರಿದಾಗ ಮಾತ್ರ ಒಂದರ ಗುಣವನ್ನು ಇನ್ನೊಂದು ಕಡಿತಗೊಳಿಸುವುದುಂಟು. ಎರಡು ರಿಯಾಯಿತಿಗಳನ್ನು ಕೂಡಿಸಿ ಲೆಕ್ಕ ಹಾಕುವ ವರ್ತಕರಿಗೆ ಇದು ಹೊಸ ಅನುಭವವೇನಲ್ಲ! ಮೂಸೆಗಳಲ್ಲಿಯೂ, ನೇರ ಲಂಬ ಕ್ಷೇತ್ರವನ್ನು ಅತಿಯಾಗಿ ಹೆಚ್ಚಿಸಿದರೆ ದಿಂಡಿನ ನಡುವಿಗೂ ಅಂಚಿಗೂ ಗುಣಭೇದ ಬರುತ್ತದೆ. ಆದುದರಿಂದ ಅಡ್ಡ ಕ್ಷೇತ್ರ, ಎದುರುಬದುರು ಸುರುಳಿಗಳ ಕ್ಷೇತ್ರ ಮುಂತಾದ ಬಗೆಗಳು ರೂಢಿಗೆ ಬಂದವು.

ಇಂತಹ ಅಯಸ್ಕಾಂತ ಅಗ್ಗದ ವಸ್ತುವಲ್ಲ. ಅದರ ಬೆಲೆಯನ್ನು ತಿರಸ್ಕೃತ ಮಾಲಿನೊಡನೆ ತೂಗಬೇಕು. ಲೆಕ್ಕಕ್ಕಾಗಿ ಹೀಗೆಂದುಕೊಳ್ಳೋಣ: ವರ್ಷಕ್ಕೆ 100 ದಿಂಡು, ಒಂದಕ್ಕೆ 1 ಲಕ್ಷ ರೂಪಾಯಿ ವೆಚ್ಚ, 20 ಕೆಟ್ಟರೆ ಒಳ್ಳೆಯ ದಿಂಡಿನ ನಿಜವಾದ ವೆಚ್ಚ 1.25 ಲಕ್ಷ. ಅಯಸ್ಕಾಂತದಿಂದ ಕೆಡುವುದು 8ಕ್ಕೆ ಇಳಿದರೆ 92 ಒಳ್ಳೆಯವು. ಆಗ ಸವಕಳಿ, ಬಡ್ಡಿ, ತಂಪುಕಾರಕಗಳ ವಾರ್ಷಿಕ ಹೊರೆ 15 ಲಕ್ಷದವರೆಗೆ ಬಂದರೂ ವೆಚ್ಚ ಮೊದಲಿನಷ್ಟೇ. ಅದಕ್ಕಿಂತ ಕಡಿಮೆಯಾದಷ್ಟೂ ಲಾಭ. ಉತ್ತಮ ಗುಣಕ್ಕೆ ದೊರೆಯುವ ಹೆಚ್ಚಿನ ಬೆಲೆಯನ್ನು ಇಲ್ಲಿ ಸೇರಿಸಿಲ್ಲ.

ಇನ್ನು ನನ್ನ ಕಕ್ಷಿದಾರರ ವಿಷಯ. ಅವರ ಇಂಡಕ್ಷನ್ ಕುಲುಮೆಯಲ್ಲಿ ಕರಗಿದ ಕಬ್ಬಿಣ ತಾನಾಗಿ ಮಗುಚಿ ನಡುವೆ ಉಬ್ಬುವುದನ್ನು ಅವರು ದಿನವೂ ನೋಡುತ್ತಾರೆ. ಅದೂ ಕಾಂತಶಕ್ತಿಯ ಕೆಲಸವೇ. ಅಲ್ಲಿ ಕ್ಷೇತ್ರವು ಪರ್ಯಾಯ ವಿದ್ಯುತ್ತಿನಿಂದ ಬರುವುದರಿಂದ ಲೋಹವನ್ನು ಕಲಕುತ್ತದೆ, ಸ್ಥಿರ ಕ್ಷೇತ್ರವಾದರೆ ತಡೆಯುತ್ತದೆ. ಕುಲುಮೆಯ ಎಣ್ಣೆಯಾದರೋ ವಿದ್ಯುದ್ವಾಹಕವೇ ಅಲ್ಲ. ಸುಳಿ ವಿದ್ಯುತ್ತು ಹುಟ್ಟದಲ್ಲಿ ಸಿಲಿಕಾನಿನ ಉದಾಹರಣೆ ಅದಕ್ಕೆ ಅನ್ವಯಿಸುವುದಿಲ್ಲ.

ಮಾರಾಟಗಾರರಿಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸುವಂತೆ ಸೂಚಿಸಿದೆನು: ಎಣ್ಣೆಯ ಮೇಲೆ ನಿಮ್ಮ ಅಯಸ್ಕಾಂತ ಯಾವ ಬಲದಿಂದ ಕೆಲಸ ಮಾಡುತ್ತದೆ? ಒಂದು ಟನ್ ಎರಕಕ್ಕೆ ಎಣ್ಣೆಯ ಖರ್ಚನ್ನು ಅಳವಡಿಕೆಗೆ ಮುಂಚೆ ಹಾಗೂ ನಂತರ ನಮ್ಮ ಕುಲುಮೆಯಲ್ಲಿಯೇ ಅಳೆದು, ಉಳಿತಾಯ ಕಂಡ ಮೇಲೆ ಹಣ ಪಡೆಯಲು ಒಪ್ಪುವಿರಾ? ಇದುವರೆಗೆ ಉತ್ತರ ಬಂದಿಲ್ಲ. ಸವಕಳಿಯ ಪ್ರಶ್ನೆಯೂ ಹಾಗೆಯೇ ಉಳಿದಿದೆ.