ಪತ್ತೇದಾರಿ ಕಥೆಯೂ ಪೈ ಸಂಖ್ಯೆಯೂ

ಲೆಕ್ಕದ ಉತ್ತರವು ಸರಿಯಾಗಿದ್ದರೂ ಕ್ರಮವನ್ನು ಬರೆಯದಿದ್ದರೆ ಪೂರ್ಣ ಅಂಕ ಕೊಡಲಾಗದೆಂದು ನಾವು ತರಗತಿಯಲ್ಲಿ ಹೇಳುವುದುಂಟು. ಪತ್ತೇದಾರಿ ಕಥೆಗೂ ಇದೇ ನಿಯಮ ಸಲ್ಲುತ್ತದೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಮಾಲೆಯಲ್ಲಿ 1967ರ ಡಿಸೆಂಬರ್ 22ರಂದು ಪ್ರಸಾರವಾದ ‘ವುಲ್ಫ್ ಇನ್ ದ ಫೋಲ್ಡ್’ ಎಂಬ ಕಂತನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ಬರೆದವರು ಸಾಮಾನ್ಯರಲ್ಲ, ಹಿಚ್‌ಕಾಕ್ ಚಲನಚಿತ್ರವಾಗಿಸಿದ ‘ಸೈಕೋ’ ಕಾದಂಬರಿಯ ಕರ್ತೃ ರಾಬರ್ಟ್ ಬ್ಲಾಕ್. ನಿರಾಶೆ ಹೆಚ್ಚಾದುದೂ ಅದರಿಂದಲೇ.

ಆರಂಭ ಸೊಗಸಾಗಿದೆ. ಆರ್ಗೀಲಿಯಸ್ ಎಂಬ ಶಾಂತಿಪ್ರಿಯ ಗ್ರಹದಲ್ಲಿ, ಮಂಜು ಕವಿದ ಬೀದಿಯಲ್ಲಿ, ನರ್ತಕಿಯೊಬ್ಬಳು ಕೊಲೆಯಾಗುತ್ತಾಳೆ. ರಕ್ತಸಿಕ್ತವಾದ ಚೂರಿಯನ್ನು ಹಿಡಿದು ನಿಂತವನು ವ್ಯೋಮನೌಕೆಯ ಎಂಜಿನಿಯರ್ ಸ್ಕಾಟ್. ಅವನಿಗೆ ನಡೆದುದೊಂದೂ ನೆನಪಿಲ್ಲ. ಮತ್ತಿಬ್ಬರು ಸ್ತ್ರೀಯರೂ ಅವನ ಸಮೀಪದಲ್ಲಿಯೇ ಹತರಾಗುತ್ತಾರೆ. ತಾನು ನಿರಪರಾಧಿಯೋ ಅಲ್ಲವೋ ಎಂಬುದು ತನಗೇ ತಿಳಿಯದವನನ್ನು ನ್ಯಾಯವು ಹೇಗೆ ಕಾಯಬೇಕು? ಬಹುಕಾಲದ ಸ್ನೇಹವನ್ನು ನಂಬಬೇಕೆ, ಕಣ್ಣೆದುರಿನ ಸಾಕ್ಷ್ಯವನ್ನೆ? ಇಂಥ ಪ್ರಶ್ನೆಯನ್ನೆತ್ತಿದ ಲೇಖಕರು ಅದನ್ನು ಅರ್ಧದಲ್ಲಿಯೇ ಕೈಬಿಟ್ಟರು.

ಕೊಲೆಗಾರನು ಮನುಷ್ಯನೇ ಅಲ್ಲವಂತೆ. ಭಯವನ್ನುಂಡು ಬದುಕುವ ಒಂದು ಅಶರೀರ ಶಕ್ತಿಯಂತೆ. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಹೆಂಗಸರನ್ನು ಕೊಂದು ಕೊನೆಗೂ ಸಿಕ್ಕದೆ ಹೋದ ‘ಜ್ಯಾಕ್ ದ ರಿಪ್ಪರ್’ ಕೂಡ ಅದೇ ಅಂತೆ! ಬಡ ಹೆಂಗಸರ ನಿಜವಾದ ಸಾವನ್ನು ಭೂತದ ತಲೆಗೆ ಕಟ್ಟಿದಂತಾಯಿತು. ಸ್ತ್ರೀಯರು ಪುರುಷರಿಗಿಂತ ಸುಲಭವಾಗಿ ಹೆದರುವುದರಿಂದ ಅದು ಅವರನ್ನೇ ಆರಿಸುತ್ತದೆಂದು ತರ್ಕನಿಷ್ಠನಾದ ಸ್ಪಾಕನ ಬಾಯಿಂದಲೇ ಹೇಳಿಸಿರುವುದಂತೂ ನಮಗೆ ಸಹ್ಯವಾಗಲಿಲ್ಲ. ಚೂರಿಯು ರೈಗಲ್ ಗ್ರಹದ್ದು, ತನಿಖೆ ನಡೆಸುವ ಅಧಿಕಾರಿಯೂ ಅಲ್ಲಿಂದಲೇ ಬಂದವನು ಎಂಬ ಒಳ್ಳೆಯ ಸುಳಿವೊಂದಿದೆ; ಆದರೆ ಅದು ಕೊನೆಗಾಲದಲ್ಲಿ ಗಣಕಯಂತ್ರದ ಸಹಾಯದಿಂದ ಹೊರಬೀಳುತ್ತದೆ, ನೋಡುವವನ ಬುದ್ಧಿಗೆ ಕೆಲಸವಿಲ್ಲ. ಅಲೌಕಿಕ ಶಕ್ತಿಗಳಿಗೆ ಪತ್ತೇದಾರಿ ಕಥೆಯಲ್ಲಿ ಎಡೆಯಿಲ್ಲವೆಂದು ರೊನಾಲ್ಡ್ ನಾಕ್ಸ್ 1929ರಲ್ಲಿಯೇ ವಿಧಿಸಿದ್ದರು. ವಿಜ್ಞಾನಕಥೆಯಲ್ಲಿ ಇದು ಅಸಾಧ್ಯವೆನ್ನುವಂತಿಲ್ಲ. 1954ರಲ್ಲಿ ಪುಸ್ತಕವಾಗಿ ಬಂದ ‘ದ ಕೇವ್ಸ್ ಆಫ್ ಸ್ಟೀಲ್’ ಕಾದಂಬರಿಯಲ್ಲಿ ಐಸಾಕ್ ಅಸಿಮೋವರು ಯಂತ್ರಮಾನವನ ನಿಯಮಗಳನ್ನು ಮೊದಲೇ ನಮ್ಮ ಮುಂದಿಟ್ಟು ಅನಂತರ ಗಂಟನ್ನು ಬಿಚ್ಚುತ್ತಾರೆ.

ಒಂದು ಸನ್ನಿವೇಶಕ್ಕೆ ಮಾತ್ರ ನಾವು ಪೂರ್ಣ ಅಂಕ ಕೊಟ್ಟೆವು. ಆ ಶಕ್ತಿಯು ನೌಕೆಯ ಗಣಕಯಂತ್ರವನ್ನು ಹೊಕ್ಕಾಗ, ಪೈ ಸಂಖ್ಯೆಯನ್ನು ಕಡೆಯ ಅಂಕಿಯವರೆಗೆ ಗುಣಿಸುವಂತೆ ಸ್ಪಾಕನು ಯಂತ್ರಕ್ಕೆ ಆಜ್ಞಾಪಿಸುತ್ತಾನೆ. ನಾವು ಬಳಸುವ 22/7 ಬರಿಯ ಅಂದಾಜು. ಅದನ್ನು ಭಾಗಿಸಿದರೆ 142857 ಎಂಬ ಆರು ಅಂಕಿಗಳೇ ಮರಳಿ ಮರಳಿ ಬರುತ್ತವೆ. ನಿಜವಾದ ಪೈ 3.14159 ಎಂದು ಮೊದಲಾಗಿ ಮುಂದುವರಿಯುತ್ತದೆ. ಅದು ಅಭಾಗಲಬ್ಧವೆಂದು ಲ್ಯಾಂಬರ್ಟ್ 1761ರಲ್ಲಿ ಸಾಧಿಸಿದರು. ಅದಕ್ಕೆ ಕಡೆಯ ಅಂಕಿಯೇ ಇಲ್ಲ. ಯಂತ್ರದ ಬಲವೆಲ್ಲ ಆ ಮುಗಿಯದ ಲೆಕ್ಕದಲ್ಲಿ ತೊಡಗಿದಾಗ ದುಷ್ಟಶಕ್ತಿಗೆ ಅಲ್ಲಿ ನೆಲೆ ತಪ್ಪುತ್ತದೆ. ಒಂಬತ್ತನೆಯ ತರಗತಿಯಲ್ಲಿ ಪೈ ಪಾಠ ಬಂದಾಗ ಇಷ್ಟನ್ನು ನಾವು ಹೇಳುವುದುಂಟು, ಕೊಲೆಯ ಭಾಗವನ್ನು ಬಿಟ್ಟು.